ನೀರಿಲ್ಲದ ಬಚ್ಚಲಿನಲ್ಲಿ ಜಾರಿ ಬಿದ್ದವನ ಕುರಿತು

ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ,

ನಮ್ಮ ಅಲ್ಲಿಕುಳಂ ಠಾಣೆಯ ಬಚ್ಚಲುಮನೆಯ ನೆಲ ಬಹಳ ಅಪಾಯಕಾರಿಯಾಗಿದೆ. ಹದಿನಾಲ್ಕು ತಿಂಗಳಲ್ಲಿ ಐವರು ಅಲ್ಲಿ ಜಾರಿ ಬಿದ್ದು ಕೈಯನ್ನೋ ಕಾಲನ್ನೋ ಮುರಿದುಕೊಂಡಿದ್ದಾರೆಂದು ಠಾಣೆಯ ದಾಖಲೆಗಳು ಹೇಳುತ್ತವೆ. ಐವರೂ ವಿಚಾರಣೆಗೆ ಕರೆತಂದವರು. ಅದೇ ಬಚ್ಚಲಿಗೆ ದಿನಾ ಹೋಗಿಬರುವ ಇಪ್ಪತ್ತಮೂರು ಪೊಲೀಸರಲ್ಲಿ ಒಬ್ಬರೂ ಜಾರಿಲ್ಲ. ಖಾಕಿ ಯಾವುದು, ಲುಂಗಿ ಯಾವುದು ಎಂದು ಗುರುತು ಹಿಡಿಯುವ ನೆಲ ಬೇರೆಲ್ಲಾದರೂ ಇದೆಯೇ?

ಐದನೆಯವನು ತಂಗರಾಸು. ಮರಗಾಲು ಕಟ್ಟಿ, ಸೊಂಟಕ್ಕೆ ಬಿದಿರಿನ ಕುದುರೆ ಸಿಕ್ಕಿಸಿಕೊಂಡು ಕುಣಿಯುವವನು. ಕಳೆದ ತಿಂಗಳು ಮೊಪೆಡ್ ಕದ್ದ ಅನುಮಾನದ ಮೇಲೆ ಅವನನ್ನು ಒಯ್ದರು. ಮರುದಿನ ಮುರಿದ ಬಲಗೈಗೆ ಪ್ಲಾಸ್ಟರ್ ಪಟ್ಟಿ ಹಾಕಿಸಿ ನ್ಯಾಯಾಲಯಕ್ಕೆ ತಂದರು. ಈ ಬಿಳಿ ಪಟ್ಟಿ ಈಗ ನಮ್ಮ ಠಾಣೆಯಿಂದ ಹೊರಬರುವವರ ಸಮವಸ್ತ್ರವಾಗಿಬಿಟ್ಟಿದೆ. ಅವನ ಹೆಂಡತಿ ಪೂಂಗೋದೈ ಜೊತೆ ನಾನೂ ಹಿಂದಿನ ಬೆಂಚಿನಲ್ಲಿದ್ದೆ.

"ಕೈಗೆ ಏನಾಯ್ತಪ್ಪಾ?" ಎಂದರು ಮ್ಯಾಜಿಸ್ಟ್ರೇಟಮ್ಮ.

ತಂಗರಾಸು ಪಕ್ಕದ ಪೇದೆಯತ್ತ ನೋಡಿದ. "ಬಚ್ಚಲಲ್ಲಿ ಜಾರಿ ಬಿದ್ದೆ ಅಮ್ಮಾ."

"ಏನು ಕೆಲಸ ಮಾಡ್ತೀಯ?"

"ಕುದುರೆ ಕುಣಿತ ಅಮ್ಮಾ. ಮರಗಾಲ ಮೇಲೆ."

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

"ಎಷ್ಟು ಸಲ ಬಿದ್ದಿದ್ದೀಯ?"

ಅವನಿಗೆ ರೋಷ ಬಂತು. "ನಾನಾ? ಬೀಳೋದಾ? ಒಂದ್ಸಲಾನೂ ಇಲ್ಲಮ್ಮಾ!"

ಮ್ಯಾಜಿಸ್ಟ್ರೇಟಮ್ಮ ಪೆನ್ನು ಕೆಳಗಿಟ್ಟರು. ಪೊಲೀಸರನ್ನು ಹೊರಗೆ ಕಳಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಆಗ ಬಂದ ಉತ್ತರದಲ್ಲಿ ಬಚ್ಚಲು ಇರಲಿಲ್ಲ, ಲಾಠಿ ಇತ್ತು. ಬೇರೆ ವೈದ್ಯರಿಂದ ತಪಾಸಣೆ, ಜಾಮೀನು, ಒಂದು ತಿಂಗಳೊಳಗೆ ಠಾಣೆಯ ಕ್ಯಾಮೆರಾದ ದೃಶ್ಯ ಎಂದು ಅಲ್ಲೇ ಆದೇಶವಾಯಿತು. ಮೊಪೆಡ್ ಆಮೇಲೆ ಮಾಲೀಕನ ಅಳಿಯನ ಮನೆಯಲ್ಲಿ ಸಿಕ್ಕಿತು. ಅಳಿಯ ಎಲ್ಲೂ ಜಾರಲಿಲ್ಲ.

ನಾವು ಸೆಲ್ವಿಯಕ್ಕನ ಚಹಾ ಅಂಗಡಿಯಲ್ಲಿ ಪತ್ರಿಕೆ ಓದುವ ಆರು ಮಂದಿ. ಹಳೆಯ ಸುದ್ದಿಗಳನ್ನು ಕತ್ತರಿಸಿ ಈ ಐದು ಜಾರುವಿಕೆಗಳ ಪಟ್ಟಿ ಮಾಡಿದೆವು. ಬಳಿಕ ನೆಲ ಯಾಕೆ ಒದ್ದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಠಾಣೆ ಪ್ರಾಮಾಣಿಕವಾಗಿ ಉತ್ತರಿಸಿತು: 'ಕೊಳವೆ ಒಡೆದಿರುವುದರಿಂದ ಹನ್ನೊಂದು ತಿಂಗಳಿಂದ ಬಚ್ಚಲುಮನೆಗೆ ನೀರಿನ ಸರಬರಾಜು ಇರುವುದಿಲ್ಲ.' ಸಹಿ, ಮೊಹರು ಎರಡೂ ಇವೆ. ಹನಿ ನೀರಿಲ್ಲದ ಕಡೆ ಮರಗಾಲಿನವನು ಬರಿಗಾಲಲ್ಲಿ ಜಾರಿದ್ದಾನೆ. ಉತ್ತರವನ್ನು ನ್ಯಾಯಾಲಯಕ್ಕೆ ಕೊಟ್ಟಿದ್ದೇವೆ.

ಉಳಿದದ್ದು ಕ್ಯಾಮೆರಾ. ಗಡುವಿಗೆ ಮೂರು ದಿನ ಇದೆ. ಅದು ಕೆಟ್ಟಿತ್ತು ಎನ್ನುತ್ತಾರೆ ಇನ್‌ಸ್ಪೆಕ್ಟರ್. ಆದರೆ ತಂಗರಾಸು ಜಾರಿದನೆನ್ನುವ ದಿನವೇ ಸೆಲ್ವಿಯಕ್ಕನ ಆಡು ಠಾಣೆಯ ಪಡಸಾಲೆಗೆ ನುಗ್ಗಿ ಒಂದು ಕಡತ ತಿಂದಿತ್ತು. ಅದರ ದೃಶ್ಯವನ್ನು ಇನ್‌ಸ್ಪೆಕ್ಟರೇ ಫೋನಿನಲ್ಲಿ ತಂದು ತೋರಿಸಿ ಅಕ್ಕನಿಗೆ ಗದರಿದ್ದರು.

"ನೋಡಿ ಸಾರ್, ನನ್ನ ಆಡು ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಬಂದಿದೆ! ಗಡ್ಡದ ಕೂದಲು ಎಣಿಸಬಹುದು," ಎಂದು ಅಕ್ಕ ಈಗಲೂ ನಗುತ್ತಾಳೆ. "ಆಡು ಕಂಡ ಕ್ಯಾಮೆರಾಗೆ ಆಳು ಕಾಣ್ಲಿಲ್ವಂತೆ!"

ಆ ಪಡಸಾಲೆಯ ಕೊನೆಗೇ ಬಚ್ಚಲುಮನೆಯ ಬಾಗಿಲು ಇರುವುದು.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಆಡು ಇರುವ ಆ ಇಡೀ ದಿನದ ದೃಶ್ಯ ಅಳಿಯುವ ಮೊದಲು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅದು ನ್ಯಾಯಾಲಯದ ಮೇಜಿನ ಮೇಲೆ ಇರಬೇಕು. ನೀವೇ ಖುದ್ದಾಗಿ ಕಳಿಸಿಕೊಡಿ. ದಾರಿಯಲ್ಲಿ ಅದು ಎಲ್ಲೂ ಜಾರದಿರಲಿ.

ತಂಗರಾಸುವಿನ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಲಗಾಮು ಹಿಡಿಯಲು ಎಡಗೈ ಅಭ್ಯಾಸ ಮಾಡುತ್ತಿದ್ದಾನೆ. ಆಡಿ ಮಾಸದ ಹದಿನೆಂಟನೆಯ ದಿನದ ಹಬ್ಬದಂದು ಕುಣಿದೇ ತೀರುತ್ತಾನಂತೆ, ಅದೂ ಠಾಣೆಯ ಮುಂದಿನ ರಸ್ತೆಯಲ್ಲಿ. ಅಂದು ನೀವೂ ಬನ್ನಿ. ಇಪ್ಪತ್ತೆರಡು ವರ್ಷ ಬೀಳದವನು ಹೇಗೆ ನಿಲ್ಲುತ್ತಾನೆಂದು ಕಣ್ಣಾರೆ ನೋಡಿ.

ಇಂತಿ,
ಇದುವರೆಗೆ ಜಾರದೆ ಉಳಿದಿರುವ, ಮುಂದಿನದನ್ನು ನಿಮ್ಮ ಠಾಣೆಯ ನೆಲಕ್ಕೇ ಬಿಟ್ಟಿರುವ
ಮಾಸಿಲಾಮಣಿ
ನಿವೃತ್ತ ಪ್ರಯೋಗಾಲಯ ಸಹಾಯಕ, ಅಲ್ಲಿಕುಳಂ