ಊಟ ಆಯ್ತಾ ಅಂತ ಕೇಳಬಾರದು

ಬ್ರಹ್ಮಾವರ
ಮಂಗಳವಾರ ಸಂಜೆ

ಪ್ರೀತಿಯ ಅಮ್ಮನಿಗೆ, ನಿನ್ನ ವಿಜೇತಾಳ ನಮಸ್ಕಾರ.

ಮೊದಲು ಸಿಹಿ ಸುದ್ದಿ. ನನ್ನ ಕೆಲಸ ಇವತ್ತು ಕಾಯಂ ಆಯಿತು. ಜೊತೆಗೆ ಕಳಿಸಿದ ಪೇಡೆ ಪೊಟ್ಟಣ ಅಕ್ಕಪಕ್ಕದವರಿಗೆ, ನಿನಗಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡರೂ ನನಗೆ ಗೊತ್ತಾಗುತ್ತದೆ.

ನಿನ್ನೆಯವರೆಗೆ ಈ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ನನಗೆ ಖಾತ್ರಿ ಇರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪ್ರೊಬೇಷನ್ ಅವಧಿ ಮುಗಿಯುತ್ತ ಬಂದಿತ್ತು. ವಾರ್ಡಿನ ಮುಖ್ಯಸ್ಥೆ ವನಜ ಸಿಸ್ಟರ್ ಔಷಧಿಯ ವಿಷಯದಲ್ಲಿ ಒಂದು ತಪ್ಪನ್ನೂ ಸಹಿಸುವವರಲ್ಲ. ನಾನೂ ಬಿಡುವವಳಲ್ಲ, ನಿನಗೆ ಗೊತ್ತಲ್ಲ. ರೋಗಿಯ ಹೆಸರು, ಔಷಧಿಯ ಹೆಸರು, ಪ್ರಮಾಣ, ಹೊತ್ತು ಎಲ್ಲವನ್ನೂ ಎರಡೆರಡು ಸಲ ನೋಡಿಯೇ ಕೊಡುತ್ತೇನೆ.

ನಮ್ಮ ವಾರ್ಡಿನಲ್ಲಿ ಬಾರ್ಕೂರಿನ ಮುತ್ತಕ್ಕ ಅಂತ ಇದ್ದಾರೆ. ನಿನ್ನ ಹಾಗೆಯೇ ಸಕ್ಕರೆ ಕಾಯಿಲೆ, ನಿನ್ನ ಹಾಗೆಯೇ ಇನ್ಸುಲಿನ್ ಸೂಜಿ. ಅವರು ಒಂದು ದಿನ ಉಂಡರೆ ಒಂದು ದಿನ ಬಿಡುತ್ತಾರೆಂದು ಡಾಕ್ಟರು ಮಧ್ಯಾಹ್ನದ ಸೂಜಿಯನ್ನು ಊಟವಾದ ಕೂಡಲೇ ಕೊಡಿ, ಮೊದಲು ಬೇಡ ಎಂದು ಬರೆದಿದ್ದರು. ಹೊಟ್ಟೆಗೆ ಏನೂ ಇಲ್ಲದೆ ಆ ಔಷಧಿ ಮೈಗೆ ಹೋದರೆ ಸಕ್ಕರೆ ಸರ್ರನೆ ಇಳಿದು, ಬೆವರು ಕಿತ್ತುಕೊಂಡು, ಪ್ರಜ್ಞೆಯೇ ತಪ್ಪಬಹುದು. ಜೀವಕ್ಕೇ ಅಪಾಯ.

ನಿನ್ನೆ ಮಧ್ಯಾಹ್ನ ನಾನು ಸೂಜಿ ತುಂಬಿಸಿ, ಜೊತೆಯ ನರ್ಸ್ ರತೀಶನಿಗೆ ತೋರಿಸಿ, ಅವನು ಸರಿ ಎಂದ ಮೇಲೆ ಮುತ್ತಕ್ಕನ ಮಂಚದ ಹತ್ತಿರ ಹೋದೆ. ಪಕ್ಕದ ಸ್ಟೂಲಿನ ಮೇಲೆ ಖಾಲಿ ತಟ್ಟೆ. ಆದರೂ ಕೇಳಬೇಕಲ್ಲ, ಊಟ ಆಯ್ತಾ ಅಂದೆ. "ಆಯ್ತ್ ಮಗಾ" ಅಂದರು. ತೋಳಿಗೆ ಸ್ಪಿರಿಟ್ ಹಚ್ಚಿದೆ. ಅಷ್ಟರಲ್ಲಿ ಅವರು ಪ್ರೀತಿಯಿಂದ "ನಿಂದ್ ಊಟ ಆಯ್ತಾ?" ಅಂತ ಕೇಳಿದರು. ನಾನು "ಆಯ್ತ್" ಅಂದೆ.

ಅಮ್ಮ, ನನಗೆ ಊಟ ಆಗಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಚಾ ಕುಡಿದದ್ದು ಬಿಟ್ಟರೆ ಏನೂ ಇಲ್ಲ. ಆದರೂ ಬಾಯಿ ತಾನಾಗಿ ಆಯ್ತು ಅಂದುಬಿಟ್ಟಿತು. ನಮ್ಮೂರಲ್ಲಿ ಯಾರು ಯಾರಿಗೆ ಆಗಲಿಲ್ಲ ಅಂತಾರೆ ಹೇಳು. ಆಗಲಿಲ್ಲ ಅಂದರೆ ಎದುರಿನವರು ಬಡಿಸಲು ಏಳಬೇಕಾಗುತ್ತದಲ್ಲ. ನನ್ನ ಕೈ ಅಲ್ಲೇ ನಿಂತಿತು. ನಾನು ಹೇಳಿದ್ದು ಸುಳ್ಳಾದರೆ, ಇವರು ಹೇಳಿದ್ದೂ ಸುಳ್ಳಿರಬಹುದಲ್ಲ.

ಸೂಜಿಯನ್ನು ಟ್ರೇಗೆ ವಾಪಸ್ ಇಟ್ಟು, ಅನ್ನಕ್ಕೆ ಎಂತ ಪದಾರ್ಥ ಇತ್ತು ಅಂತ ಕೇಳಿದೆ. ಮುತ್ತಕ್ಕ ಗೋಡೆ ನೋಡುತ್ತ ಮೆಲ್ಲಗೆ, "ಇವತ್ತ್ ಸೋಮವಾರ ಅಲ್ದಾ ಹೆಣೆ, ನಂದ್ ಒಪ್ಪತ್ತ್" ಅಂದರು. ಅವರು ಉಣ್ಣುವುದು ರಾತ್ರಿಗಂತೆ. ತಟ್ಟೆಯ ಅನ್ನವನ್ನು ಉಂಡು ಖಾಲಿ ಮಾಡಿದ್ದು ಸೊಸೆ. ಮತ್ತೆ ಆಯ್ತು ಅಂದಿರಲ್ಲ ಅಂದರೆ, "ಇಲ್ಲ ಅಂದ್ರೆ ನಿಂಗ್ ಬೇಜಾರ್ ಆತ್ತಲ್ದಾ" ಅಂತ ನಗುತ್ತಾರೆ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು.

ಓಡಿಹೋಗಿ ವನಜ ಸಿಸ್ಟರಿಗೆ ಹೇಳಿದೆ. ಮತ್ತೊಮ್ಮೆ ರಕ್ತ ನೋಡಿದಾಗ ಸಕ್ಕರೆ ಆಗಲೇ ಕೆಳಗಿತ್ತು. ಡಾಕ್ಟರು ಆ ಹೊತ್ತಿನ ಸೂಜಿ ಬೇಡವೆಂದು ಹಾಲು, ಬಾಳೆಹಣ್ಣು ಕೊಡಿಸಿದರು. ಅವಕ್ಕೆ ಒಪ್ಪತ್ತಿನಲ್ಲಿ ಅಡ್ಡಿಯಿಲ್ಲವಂತೆ. ಡಾಕ್ಟರು ಬೈಯಲಿಲ್ಲ. ವ್ರತ ಇದ್ದರೆ ಮೊದಲೇ ಹೇಳಿ, ಔಷಧಿಯನ್ನು ಅದಕ್ಕೆ ಹೊಂದಿಸೋಣ ಎಂದಷ್ಟೇ ಹೇಳಿದರು.

ಇವತ್ತು ಬೆಳಿಗ್ಗೆ ವನಜ ಸಿಸ್ಟರ್ ಎಲ್ಲರನ್ನೂ ನಿಲ್ಲಿಸಿ, ಇನ್ನು ಮೇಲೆ ಈ ವಾರ್ಡಿನಲ್ಲಿ ಯಾರೂ ಊಟ ಆಯ್ತಾ ಅಂತ ಕೇಳಬಾರದು, ಏನು ಉಂಡಿರಿ ಅಂತಲೇ ಕೇಳಬೇಕು ಎಂದರು. ನನ್ನ ಕೆಲಸ ಕಾಯಂ ಆದದ್ದನ್ನೂ ಆಗಲೇ ಹೇಳಿದರು. ಕೇರಳದ ರತೀಶ್ ಮಂಚದಿಂದ ಮಂಚಕ್ಕೆ "ಎಂತ ಉಂಡ್ರಿ?" ಎನ್ನುತ್ತ ಹೋಗುವುದನ್ನು ನೀನು ಕೇಳಬೇಕಿತ್ತು. ಮರವಂತೆಯ ಒಬ್ಬ ಅಜ್ಜ ಅವನನ್ನು ಕೂರಿಸಿಕೊಂಡು ಬಂಗುಡೆ ಸಾರು ಮಾಡುವ ಕ್ರಮವನ್ನೇ ಹೇಳಿಕೊಟ್ಟರು. ಎಲ್ಲರೂ ನನ್ನನ್ನು ಚುರುಕು ಹುಡುಗಿ ಅಂತ ಹೊಗಳುತ್ತಿದ್ದಾರೆ. ನಾನೂ ಸುಳ್ಳು ಹೇಳಿದ್ದರಿಂದ ಬಚಾವಾದೆವು ಅಂತ ನಿನಗೆ ಮಾತ್ರ ಬರೆಯುತ್ತಿದ್ದೇನೆ. ತುಂಬ ಖುಷಿಯಾಗಿದ್ದೇನೆ ಅಮ್ಮ.

ನಿನ್ನ ಮಗಳು,
ವಿಜೇತಾ

ಮರೆತಿದ್ದು: ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂದುಕೊಂಡಿರಬೇಕು ನೀನು. ಫೋನಿನಲ್ಲಿ ಕೇಳಿದರೆ ನೀನು ಆಯ್ತ್ ಅಂದು ಇಟ್ಟುಬಿಡುತ್ತೀ. ಹೋದ ತಿಂಗಳು ಉಪ್ಪುಂದದ ಬಸ್ ನಿಲ್ದಾಣದಲ್ಲಿ ಬೆವತು ಕುಸಿದು ಕೂತೆಯಲ್ಲ, ಬಿಸಿಲಿಗೆ ಅಂದೆ, ನಾನೂ ನಂಬಿದೆ. ರಾತ್ರಿಯಿಡೀ ನೆನಪು ಮಾಡಿಕೊಂಡೆ. ಅದೂ ಸೋಮವಾರ. ಇನ್ನು ಡಾಕ್ಟರನ್ನು ಕೇಳದೆ ನಿನ್ನ ಒಪ್ಪತ್ತು ಬೇಡ. ಭಾನುವಾರ ಬರುತ್ತೇನೆ, ಸೋಮವಾರ ಇಬ್ಬರೂ ಹೋಗಿ ಕೇಳೋಣ. ಈಗ ಈ ಕಾಗದ ತಂದ ಕಂಡಕ್ಟರ್ ಸುಧಾಕರಣ್ಣನ ಕೈಯಲ್ಲಿ ಒಂದೇ ಒಂದು ಸಾಲು ಬರೆದು ಕಳಿಸು: ಇವತ್ತು ಎಂತ ಉಂಡೆ?