ನೀವ ಸ್ವಲ್ಪ ಸರೀರಿ

ರಾಣೇಬೆನ್ನೂರು,
ಫೆಬ್ರುವರಿ ೩೦, ೨೧೭೧

ಶಿವಲೀಲವ್ವನಿಗೆ ಶರಣು.

ತಾರೀಖು ನೋಡಿ ನಗಬೇಡ, ತಪ್ಪು ಬರೆದಿಲ್ಲ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತನೇ ತಾರೀಖು ಇರಲಿಲ್ಲ ಅನ್ನುವುದು ನನಗೂ ಗೊತ್ತು. ಜುಲೈ, ಆಗಸ್ಟು ಅಕ್ಕಪಕ್ಕದಲ್ಲೇ ಮೂವತ್ತೊಂದು ದಿನ ಹಿಡಿದುಕೊಂಡು ಕಾಲು ಚಾಚಿ ಕೂತಿದ್ದವು. ಪಾಪದ ಫೆಬ್ರುವರಿಗೆ ಮಾತ್ರ ‘ನೀನು ಅಡ್ಜಸ್ಟ್ ಮಾಡ್ಕೋ’ ಅಂತ ಎಲ್ಲರೂ ಹೇಳಿಕೊಂಡು ಬಂದರು. ನಮ್ಮವರು ಆ ಎರಡರಿಂದ ಒಂದೊಂದು ದಿನ ಕಿತ್ತು ಇದಕ್ಕೆ ಕೊಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ.

ನನ್ನ ಭಾಷೆ ನಿನಗೆ ವಿಚಿತ್ರ ಅನ್ನಿಸಬಹುದು. ನಿನ್ನ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ. ನಡುವೆ ನಮ್ಮ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೋ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಮುಂದಿನವರು ಹಿಂದಿನವರಿಗೆ ಬರೆಯುವ ಅಂಚೆ ಅದು, ಜೀವಮಾನಕ್ಕೆ ಒಬ್ಬರಿಗೆ ಒಂದೇ ಸಲ. ನಿನ್ನ ಮೊಬೈಲಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗುಗಳ ನಡುವೆ ಬಂದು ಬೀಳುತ್ತದಂತೆ. ಯಾರೋ ಕಳಿಸಿದ ಫಾರ್ವರ್ಡ್ ಅಂತ ಅಳಿಸಿಬಿಟ್ಟೀಯ, ಜೋಕೆ! ನನಗೆ ಇನ್ನೊಂದು ಅವಕಾಶ ಇಲ್ಲ.

ನಾನು ಅರವತ್ತೆಂಟರ ಮುದುಕಿ, ನೀನು ಮೂವತ್ತಮೂರರ ಹೆಣ್ಣುಮಗಳು. ವಯಸ್ಸಿನಲ್ಲಿ ನಾನು ದೊಡ್ಡವಳು, ಕಾಲದಲ್ಲಿ ನೀನು. ಯಾರು ಯಾರ ಕಾಲು ಮುಟ್ಟಬೇಕೋ ತಿಳಿಯದೆ ದೂರದಿಂದಲೇ ಶರಣು ಅಂದೆ. ಬಾಯಿಂದ ಮಾತಾಡುವುದು ನನಗೆ ಹುಟ್ಟಿನಿಂದ ಬರಲಿಲ್ಲ, ಕೈಯೂ ಹೇಳಿದ ಮಾತು ಕೇಳುವುದಿಲ್ಲ. ಆದರೂ ಬಾಯಿಬಡುಕಿ ಅಂತ ಊರೆಲ್ಲ ಹೆಸರು. ಹುಬ್ಬು ಏರಿಸಿ ಇಳಿಸಿದರೆ ಅಕ್ಷರವಾಗುವ ಹುಬ್ಬುಬರಹ ನಮ್ಮಲ್ಲಿದೆ. ಐದನೇ ವರ್ಷಕ್ಕೆ ಸಾಲಿಯಲ್ಲಿ ಅದನ್ನು ಕಲಿತವಳು ಇವತ್ತಿನ ತನಕ ಸುಮ್ಮನಾಗಿಲ್ಲ. ಹುಬ್ಬು ನೋಯುತ್ತದೆ, ಮಾತು ಮುಗಿಯುವುದಿಲ್ಲ.

ರಕ್ತದಲ್ಲಿ ನಾನು ನಿನ್ನವಳಲ್ಲ. ನೀನು ಮೂರು ವರ್ಷ ಕೂತ ಬೇವಿನಮರದ ಕಟ್ಟೆಯವಳು.

ಆ ಕಟ್ಟೆಯ ಸುದ್ದಿ ನಮ್ಮಲ್ಲಿ ಚಿಕ್ಕ ಕೂಸಿಗೂ ಗೊತ್ತು. ನಿನ್ನ ಮಗಳು ಸಿಂಚನಾಳನ್ನು ಸಾಲಿಗೆ ಸೇರಿಸಿಕೊಂಡಾಗ ಹೆಡ್‌ಮಾಸ್ತರರು ಹಾಕಿದ ಷರತ್ತು ಒಂದೇ: ಹುಡುಗಿಗೆ ನಡೆಯಲು ಆಗುವುದಿಲ್ಲ, ಮಾತು ತಡ, ಆದ್ದರಿಂದ ತಾಯಿ ದಿನವಿಡೀ ಸಾಲಿಯ ಹೊರಗೇ ಇರಬೇಕು. ಕರೆದಾಗ ಬಂದು ಬಚ್ಚಲಿಗೆ ಕರೆದೊಯ್ಯಬೇಕು, ಅತ್ತರೆ ಸಮಾಧಾನ ಮಾಡಬೇಕು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ ಅಂದರು. ನೀನು ಮಾಡಿಕೊಂಡೆ. ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದಿಸಿಟ್ಟು ಬಂದು ಕಟ್ಟೆಯ ಮೇಲೆ ಕೂತೆ. ಮರುವರ್ಷ ಹಸೀನಾಬಾನು ಬಂದಳು. ಅವಳ ಮಗನಿಗೆ ಗದ್ದಲ ತಡೆಯುವುದಿಲ್ಲ, ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಆಮೇಲೆ ಇನ್ನಷ್ಟು ತಾಯಂದಿರು. ಆಟೋ ಓಡಿಸುವ ಫಕ್ಕೀರಪ್ಪ ಕಿವಿ ಕೇಳದ ಮಗಳನ್ನು ಬಿಟ್ಟು ಹೋಗುವಾಗ ಅಲ್ಲೇ ಆಟೋ ನಿಲ್ಲಿಸಿ ಎರಡು ಮಾತಾಡಿ ಹೋಗುತ್ತಿದ್ದ. ಮೆಂತೆ ಸೊಪ್ಪು ಸೋಸುತ್ತ, ಒಬ್ಬರ ಡಬ್ಬಿಯ ರೊಟ್ಟಿಗೆ ಇನ್ನೊಬ್ಬರ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ, ಅತ್ತೆಯಂದಿರನ್ನು ಆಡಿಕೊಂಡು ನಗುತ್ತ ಕೂತಿರಿ.

ಸಾಲಿಯವರು ಮಾಡಿದ ತಪ್ಪು ಅದೇ ನೋಡು. ನಿಮ್ಮನ್ನು ನಿಮ್ಮ ನಿಮ್ಮ ಮನೆಯಲ್ಲಿ ಬಿಟ್ಟಿದ್ದರೆ ಒಬ್ಬೊಬ್ಬರೇ ಅತ್ತು ಸುಮ್ಮನಾಗುತ್ತಿದ್ದಿರಿ. ತಾವಾಗಿಯೇ ಎಲ್ಲರನ್ನೂ ಕರೆದು ಒಂದೇ ಕಟ್ಟೆಯ ಮೇಲೆ ವರ್ಷಗಟ್ಟಲೆ ಕೂಡಿಸಿದರು. ಸಂಘ ಕಟ್ಟಬೇಕು ಅಂತ ಯಾರೂ ಭಾಷಣ ಮಾಡಬೇಕಾಗಲಿಲ್ಲ.

ಈಗ ಇವತ್ತಿನ ಮಾತು. ಇವತ್ತು ಅಂದರೆ ನಿನ್ನ ಇವತ್ತು.

ಮಧ್ಯಾಹ್ನ ಪಾಲಕರ ಸಭೆ ಕರೆದಿದ್ದರು. ನಿಮ್ಮ ಮಕ್ಕಳು ದಿನಕ್ಕೊಂದು ಹೊತ್ತು ಕಲಿಯುವ ಆ ಬಣ್ಣದ ಕೋಣೆ, ಅಲ್ಲಿಗೆ ಬರುವ ವಿಶೇಷ ಟೀಚರು, ಎರಡೂ ಮುಂದಿನ ವರ್ಷದಿಂದ ಇಲ್ಲ ಅಂದರು. ಹೆಸರು ಹಾಜರಿಯಲ್ಲಿ ಇರುತ್ತದೆ, ಮಕ್ಕಳು ಮನೆಯಲ್ಲಿ ಇರುತ್ತಾರೆ, ಯಾವಾಗಲಾದರೂ ಯಾರಾದರೂ ಬಂದು ಹೇಳಿಕೊಡುತ್ತಾರೆ. ಇದರಿಂದ ತಾಯಂದಿರಿಗೇ ಅನುಕೂಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ ಅಂದರು. ಹೆಡ್‌ಮಾಸ್ತರರು ಕೆಟ್ಟವರಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳಿ ಅಭ್ಯಾಸವಾದ ಮನುಷ್ಯ, ಅಷ್ಟೆ. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರು. ನಿನಗೆ ಕುರ್ಚಿ ಸಿಕ್ಕಿರಲಿಲ್ಲ, ಸಿಂಚನಾಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಅಲ್ಲಿಂದಲೇ ಬಾಯಿ ಬಿಟ್ಟೆ.

‘ಬಸ್ಸಿನ್ಯಾಗ ನಿಂತವ್ರು ಕುಂತವ್ರಿಗೆ ಅಡ್ಜಸ್ಟ್ ಮಾಡ್ಕೊಳ್ರಿ ಅಂತಾರ್ರಿ ಸರ. ನಿಮ್ಮ ಸಾಲ್ಯಾಗ ಕುಂತವ್ರು ನಿಂತವ್ರಿಗೆ ಅನ್ನಾಕತ್ತೀರಿ. ನಮಗ ನಿಂತು ನಿಂತು ಸಾಕಾಗೈತ್ರಿ. ನೀವ ಸ್ವಲ್ಪ ಸರೀರಿ.’

ಅಯ್ಯೋ ನನ್ನವ್ವ! ಎಂಥ ಮಾತು ಆಡಿದೆ! ಇದನ್ನು ಬರೆಯುವಾಗ ನನ್ನ ಹುಬ್ಬು ನಡುಗಿ ಮೂರು ಅಕ್ಷರ ತಪ್ಪಾದವು.

ಆದರೆ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ‘ಹೌದು’ ಅನ್ನಲಿಲ್ಲ. ಹಸೀನಾ ಕೂಡ ನೆಲ ನೋಡುತ್ತ ಕೂತಳು. ನೀನು ಮನೆಗೆ ಬಂದಾಗ ನಿನಗಿಂತ ಮೊದಲು ಸುದ್ದಿ ಬಂದಿತ್ತು. ನಿನ್ನ ಗಂಡ ‘ಯಾಕ ಬೇಕಿತ್ತು ಇದು ನಿನಗ’ ಅಂದ. ಅತ್ತೆ ‘ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು’ ಅಂದರು. ಈಗ ಸಂಜೆ ನೀನು ಒಲೆಯ ಮುಂದೆ ಕೂತು ಒಂದು ತೀರ್ಮಾನಕ್ಕೆ ಬಂದಿದ್ದೀಯ: ನಾಳೆ ಬೆಳಿಗ್ಗೆ ಯಾರೂ ಬರುವ ಮೊದಲೇ ಸಾಲಿಯ ಹಿಂದಿನ ಗೇಟಿನಿಂದ ಹೋಗಿ, ‘ತಪ್ಪಾತ್ರಿ ಸರ’ ಅಂತ ಹೇಳಿ, ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂತ ಒಪ್ಪಿಕೊಂಡು ಬಂದುಬಿಡುವುದು.

ನಾನು ಹುಬ್ಬು ಸವೆಸಿ ಈ ಕಾಗದ ಬರೆದದ್ದು ಅದಕ್ಕೇ. ಹಿಂದಿನ ಗೇಟಿಗೆ ಹೋಗಬೇಡ.

ನೀನು ಗೆದ್ದದ್ದು ನಮಗೆ ಗೊತ್ತಿದ್ದ ಮೇಲೆ ಹೆದರಿಕೆ ಯಾಕೆ ಅನ್ನುತ್ತೀಯೇನೋ. ಹಿಂದಂಚೆಯ ಪಂಡಿತರು ಹೇಳುತ್ತಾರೆ, ನಡೆದುಹೋದದ್ದು ಕೂಡ ಪೂರ್ತಿ ಒಣಗಿದ ಮಣ್ಣಲ್ಲವಂತೆ, ಹಸಿ ಇರುತ್ತದಂತೆ. ನಮ್ಮ ಹಿರಿಯರು ಬಾಯಿಂದ ಬಾಯಿಗೆ ದಾಟಿಸಿದ ಕಥೆಯಲ್ಲಿ ನೀನು ನಾಳೆ ಬೆಳಿಗ್ಗೆ ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಬಹಳ ಹೊತ್ತು ನಿಲ್ಲುತ್ತೀಯ. ಎಡಕ್ಕೆ ಹೋದರೆ ಹಿಂದಿನ ಗೇಟು, ನೆಟ್ಟಗೆ ಹೋದರೆ ಮುಂದಿನದು. ಆಮೇಲೆ ನೆಟ್ಟಗೆ ಹೋಗುತ್ತೀಯ. ಯಾಕೆ ಹೋದೆ ಅನ್ನುವುದು ಯಾರಿಗೂ ಗೊತ್ತಿಲ್ಲ, ನೀನೂ ಯಾರಿಗೂ ಹೇಳಲಿಲ್ಲವಂತೆ. ಆ ಕಾರಣ ಈ ಕಾಗದವೇ ಆಗಿದ್ದು, ನಾನು ಬರೆಯದೇ ಬಿಟ್ಟಿದ್ದರೆ? ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಅತ್ತೆಗೆ ಹೇಳು, ಆಡಿದ ಮಾತು ಹೋಗಲಿಲ್ಲ ಅಂತ. ನಮ್ಮ ತನಕ ಬಂತು. ನಮ್ಮಲ್ಲಿ ‘ಅಡ್ಜಸ್ಟು’ ಅನ್ನುವ ಮಾತನ್ನು ಪಾಲಕರಿಗಾಗಲಿ ಮಕ್ಕಳಿಗಾಗಲಿ ಹೇಳುವಂತಿಲ್ಲ, ಹೇಳಿದರೆ ಅದು ಬೈಗುಳ. ಅಡ್ಜಸ್ಟು ಅಂದರೆ ಸಾಲಿ ಮಾಡಬೇಕಾದ ಕೆಲಸ. ನಾನು ಮೂವತ್ತು ವರ್ಷ ಮಾಡಿದ ಉದ್ಯೋಗದ ಹೆಸರೇ ಅಡ್ಜಸ್ಟುಗಾರ್ತಿ. ಹೊಸ ಮಗು ಬಂತು ಅಂದರೆ ಮೊದಲ ವಾರ ಅದಕ್ಕೆ ಪಾಠ ಇಲ್ಲ. ಸಾಲಿ ಎಲ್ಲೆಲ್ಲಿ ಸರಿಯಬೇಕು ಅಂತ ನಾನು ನೋಡುತ್ತಿದ್ದೆ. ಹೊಸಿಲು ಎತ್ತರವಾಯಿತೋ, ಬೆಳಕು ಕಣ್ಣು ಚುಚ್ಚುತ್ತದೋ, ಮಾಸ್ತರರು ಗಡಿಬಿಡಿಯಲ್ಲಿ ಮಾತಾಡುತ್ತಾರೋ. ನಮ್ಮ ಗಂಟೆ ಸದ್ದು ಮಾಡುವುದಿಲ್ಲ, ಪಾದದ ಕೆಳಗೆ ನೆಲ ಮೆಲ್ಲಗೆ ಜುಮ್ಮೆನ್ನುತ್ತದೆ. ಅದನ್ನು ಹಸೀನಾ ಗಂಟೆ ಅನ್ನುತ್ತೇವೆ. ಪ್ರತಿ ಸಾಲಿಯಲ್ಲಿ ಒಂದು ಸುಮ್ಮನಿರುವ ಮೂಲೆ ಇದೆ. ಗದ್ದಲ ತಡೆಯದ ಮಕ್ಕಳಿಗೆ ಅಂತ ಮಾಡಿದ್ದು, ಈಗ ಮಕ್ಕಳಿಗಿಂತ ಜಾಸ್ತಿ ಮಾಸ್ತರರೇ ಹೋಗಿ ಕೂತಿರುತ್ತಾರೆ. ಕೈಮಾತು ಎಲ್ಲ ಮಕ್ಕಳಿಗೂ ಒಂದನೇ ತರಗತಿಯಿಂದಲೇ ಬರುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದೂ ಕೈಮಾತಿನಲ್ಲೇ. ಏನು ಮಾಡುವುದು, ಮಕ್ಕಳು ಮಕ್ಕಳೇ. ಮಿರ್ಚಿ ಮಂಡಕ್ಕಿಯೂ ನಿಮ್ಮ ಕಾಲದ್ದೇ, ಅದನ್ನು ಮುಟ್ಟುವ ಧೈರ್ಯ ಯಾರೂ ಮಾಡಿಲ್ಲ.

ವರ್ಷದ ಮೊದಲ ದಿನ ಸರಿಯುವ ಶಾಸ್ತ್ರ ಇರುತ್ತದೆ. ಪಾಲಕರು, ಮಕ್ಕಳು ನಿಂತಿರುತ್ತಾರೆ, ಹೆಡ್‌ಮಾಸ್ತರರು ಒಬ್ಬರೇ ಕುರ್ಚಿಯಲ್ಲಿ ಕೂತಿರುತ್ತಾರೆ. ಆ ವರ್ಷ ಸೇರಿದ ಅತಿ ಚಿಕ್ಕ ಮಗುವಿನ ತಾಯಿಯೋ ತಂದೆಯೋ ನಿನ್ನ ಮಾತನ್ನು ಹೇಳಬೇಕು, ಹೆಡ್‌ಮಾಸ್ತರರು ಎದ್ದು ಕುರ್ಚಿ ಸರಿಸಬೇಕು. ಆಮೇಲೇ ಪಾಠ. ಇನ್ನು ಕಟ್ಟೆ ಅಂದರೆ ನಮ್ಮಲ್ಲಿ ಕಲ್ಲು ಮಣ್ಣಲ್ಲ, ಪಾಲಕರ ಸಭೆ. ಕಟ್ಟೆ ಒಪ್ಪದೆ ಯಾವ ಸಾಲಿಯಲ್ಲೂ ಒಂದು ಕೋಣೆ ಮುಚ್ಚುವಂತಿಲ್ಲ, ಒಬ್ಬ ಟೀಚರನ್ನು ತೆಗೆಯುವಂತಿಲ್ಲ.

ಸಿಂಚನಾ ಮುಂದೆ ಏನಾದಳು ಅಂತ ನಿನ್ನ ಜೀವ ಕೇಳುತ್ತಿದೆ. ಹೇಳುವಂತಿಲ್ಲ, ಹಿಂದಂಚೆಯ ಕಟ್ಟುಪಾಡು. ಒಂದು ಮಾತ್ರ ಹೇಳಿಬಿಡುತ್ತೇನೆ, ಆಗಿದ್ದಾಗಲಿ. ಪ್ರಾರ್ಥನೆಯ ನಡುವೆ ಗಟ್ಟಿಯಾಗಿ ನಗುತ್ತಾಳೆ ಅಂತ ಅವಳನ್ನು ಹಿಂದೆ ಕೂಡಿಸುತ್ತಿದ್ದರಲ್ಲ, ನಮ್ಮಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರೂ ಒಮ್ಮೆ ಗಟ್ಟಿಯಾಗಿ ನಗಬೇಕು. ಅದರ ಹೆಸರು ಸಿಂಚನಾ. ‘ಸಿಂಚನಾ ಮಾಡ್ರಿ’ ಅಂದರೆ ಸಾಲಿಗೆ ಸಾಲಿಯೇ ನಗುತ್ತದೆ. ಹೆಸರು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಗೊತ್ತಿಲ್ಲ, ನಗುವುದು ಚೆನ್ನಾಗಿ ಗೊತ್ತು.

ನಾವು ದೇವಲೋಕದಲ್ಲಿ ಇದ್ದೇವೆ ಅಂದುಕೊಳ್ಳಬೇಡ. ನಮ್ಮ ನಗರಸಭೆಯವರು ಈಗ ಮನೆಗುರು ಅನ್ನುವ ಯಂತ್ರ ತಂದಿದ್ದಾರೆ. ಬಲು ಬುದ್ಧಿವಂತ, ತಾಳ್ಮೆಯ ಯಂತ್ರ, ಮನೆಯಲ್ಲೇ ಕೂಡಿಸಿ ಎಲ್ಲ ಕಲಿಸುತ್ತದೆ. ಇದಿದ್ದ ಮೇಲೆ ಕೆಲವು ಮಕ್ಕಳು ಸಾಲಿಗೆ ಯಾಕೆ ಬರಬೇಕು ಅಂತ ಸಿಹಿಯಾಗಿ ಕೇಳುತ್ತಿದ್ದಾರೆ. ನೋಡಿದೆಯಾ? ಅದೇ ಮಾತು, ಹೊಸ ಅಂಗಿ ಹಾಕಿಕೊಂಡು ಬಂದಿದೆ! ನಮ್ಮ ಪಾಲಕರಿಗೆ ಹಕ್ಕು ಅನ್ನುವುದು ನಲ್ಲಿಯ ನೀರಿನಷ್ಟು ಸಲೀಸು, ಜಗಳ ಮರೆತುಹೋಗಿದೆ. ನಾಳೆ ನಮ್ಮ ಕಟ್ಟೆಯೂ ಕೂಡುತ್ತದೆ. ಮಗನನ್ನು ಹೊತ್ತು ತಂದು ದಣಿದ ತಂದೆಯೊಬ್ಬ ‘ಆಗಲಿ’ ಅನ್ನುವುದರಲ್ಲಿದ್ದ. ನಿನ್ನೆ ಅವನ ಮನೆಗೆ ಹೋಗಿ ನಿನ್ನ ಕಥೆ ಹೇಳಿ ಬಂದೆ. ಬರುತ್ತಾನೆ. ನನಗೆ ಅನುಮಾನವೇ ಇಲ್ಲ.

ನಿನಗೂ ಅನುಮಾನ ಬೇಡ. ಸಭೆಯಲ್ಲಿ ಅವರೆಲ್ಲ ಸುಮ್ಮನಿದ್ದದ್ದು ನಿನ್ನ ಮಾತು ಒಪ್ಪದೆ ಅಲ್ಲ. ತಮ್ಮ ಹೊಟ್ಟೆಯೊಳಗಿನ ಮಾತು ಇನ್ನೊಬ್ಬಳ ಬಾಯಿಂದ ಬಂದಾಗ ಉಸಿರು ನಿಂತಿತ್ತು. ನೀನು ಒಲೆಯ ಮುಂದೆ ಅಳುತ್ತಿರುವ ಈ ಹೊತ್ತಿಗೆ ಹಸೀನಾ ನಾಚಿಕೆಯಿಂದ ಬೆಂದು, ಬುರ್ಖಾ ಹಾಕಿಕೊಂಡು ಮನೆ ಮನೆ ಹತ್ತುತ್ತಿದ್ದಾಳೆ. ಫಕ್ಕೀರಪ್ಪ ಬಾಡಿಗೆ ಬಿಟ್ಟು ಆಟೋ ಸ್ಟ್ಯಾಂಡಿನಲ್ಲಿ ನಿಂತು, ಮಕ್ಕಳ ಹಕ್ಕು ಕಾನೂನಿನಲ್ಲೇ ಇದೆ, ಕೇಳುವವರು ಇಲ್ಲ ಅಷ್ಟೆ ಅಂತ ಗಂಟಲು ಹರಿದುಕೊಳ್ಳುತ್ತಿದ್ದಾನೆ. ಯಾವ ತೊಂದರೆಯೂ ಇಲ್ಲದ ಮಕ್ಕಳ ತಾಯಂದಿರು ಕೂಡ, ‘ಇವತ್ತು ಆ ಕೋಣೆ, ನಾಳೆ ನಮ್ಮ ಕೋಣೆ’ ಅಂತ ಮಾತಾಡಿಕೊಳ್ಳುತ್ತಿದ್ದಾರೆ. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಮುಖ ನೋಡಲು ಅವರಿಗೆ ನಾಚಿಕೆ.

ನಾಳೆ ಸಿಂಚನಾಳಿಗೆ ನಮ್ಮ ಕಥೆಯಲ್ಲಿ ಬರುವ ಆ ಹಳದಿ ಅಂಗಿ ಹಾಕು. ಗಿರಣಿಯ ಮೂಲೆಯಲ್ಲಿ ಬೇಕಾದಷ್ಟು ಹೊತ್ತು ನಿಲ್ಲು, ನಾನು ಕಾಯುತ್ತೇನೆ, ಇಷ್ಟು ವರ್ಷ ಕಾದಿದ್ದೇವೆ. ಆಮೇಲೆ ನೆಟ್ಟಗೆ ಮುಂದಿನ ಗೇಟಿಗೆ ಹೋಗು. ಬೇವಿನಮರದ ಕಟ್ಟೆ ಈ ತುದಿಯಿಂದ ಆ ತುದಿಯ ತನಕ ತುಂಬಿರುತ್ತದೆ, ಕೆಳಗೆ ನೆಲದ ಮೇಲೂ ಜನ. ನೀನು ಮೂರು ವರ್ಷ ಕೂತ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಮಗಳನ್ನು ಹೊತ್ತುಕೊಂಡು ನಿಂತ ನಿನಗೆ ಕೂರಲು ಅಂಗೈಯಗಲ ಜಾಗ ಇರುವುದಿಲ್ಲ.

ಆಗ ಏನು ಹೇಳಬೇಕು ಅಂತ ನಾನು ನಿನಗೆ ಕಲಿಸಬೇಕೇ?

ನಿನ್ನ, ಹಸೀನಾಬಾನುವಿನ ಹೆಸರು ಹೊತ್ತ ನಿಮ್ಮ ಕಟ್ಟೆಯ ಮಗಳು,
ಲೀಲಾಬಾನು