ಏಳನೇ ನಂಬರಿನ ಮಂಚ

ನವೆಂಬರ್ ೧೯, ಮಂಗಳವಾರ

ಏಳನೇ ನಂಬರಿನ ಮಂಚವನ್ನು ಭಾವನಿಗೆ ಕಳಿಸಬಾರದಿತ್ತು.

ನಿನ್ನೆ ಅಕ್ಕ ಕೇಳಿದಾಗ ಅಂಗಡಿಯಲ್ಲಿ ಉಳಿದಿದ್ದು ಅದೊಂದೇ. ಭಾವನಿಗೆ ಮುರಿದಿರುವುದು ಬರೀ ಕಾಲು. ರೋಗಿಗಳಿಗೆ ಮಂಚ ಬಾಡಿಗೆ ಕೊಡುವವನು ನಾನು, ಸಾವು ನನಗೆ ಹೊಸದಲ್ಲ. ಆದರೆ ಏಳನೆಯದು ಹೋದ ನಾಲ್ಕೂ ಮನೆಗಳಲ್ಲಿ ಅದರ ಮೇಲೆ ಮಲಗಿದವರು ವಾರದೊಳಗೆ ತೀರಿಕೊಂಡರು. ಅವರಲ್ಲಿ ಒಬ್ಬರಿಗೆ ಸೊಂಟ ಉಳುಕಿತ್ತು, ಅಷ್ಟೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡೆ. ಪ್ರತಿ ಸಲವೂ ಒರೆಸಿ, ತಲೆಭಾಗ ಎತ್ತಿಳಿಸುವ ಹಿಡಿಗೆ ಎಣ್ಣೆ ಬಿಟ್ಟು, ಮತ್ತೊಬ್ಬರಿಗೆ ಕಳಿಸಿದೆ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ದರಿದ್ರ ಮನಸ್ಸು.

ಮಂಚ ವಾಪಸ್ ಕೊಡುವಾಗ ನಾಲ್ಕೂ ಮನೆಯವರು ಒಂದೇ ಮಾತು ಹೇಳಿದ್ದರು: "ಮೊದಲನೇ ರಾತ್ರಿ ಮಗು ಥರ ನಿದ್ದೆ ಮಾಡಿದ್ರು."

ಇವತ್ತು ಸಂಜೆ ಅಕ್ಕ ಫೋನ್ ಮಾಡಿದಳು. ದನಿಯಲ್ಲಿ ಎಂಥ ಖುಷಿ! "ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ. ಕಾಲು ಮುರಿದಾಗಿಂದ ನಿಮ್ಮ ಭಾವಂಗೆ ನಿದ್ದೇನೇ ಹತ್ತಿರ್ಲಿಲ್ಲ. ನಿನ್ನೆ ರಾತ್ರಿ ನೋಡು, ಮಗು ಥರ..."

ಪೂರ್ತಿ ಕೇಳಿಸಿಕೊಳ್ಳದೆ ಫೋನ್ ಇಟ್ಟೆ.

ಬೆಳಗಾಗುತ್ತಲೇ ಹೋಗಿ, ಸ್ಕ್ರೂ ಸಡಿಲವಾಗಿದೆ ಎಂದು ನೆಪ ಹೇಳಿ ಮಂಚ ತಂದುಬಿಡಬೇಕು. ಬೆಳಗ್ಗೆಯವರೆಗೆ ಯಾಕೆ ಕಾಯಲಿ? ಈಗಲೇ ಹೋಗೋಣವೆಂದರೆ ಭಾವ ಮಲಗಿರುತ್ತಾರೆ. ಮಲಗಿರುತ್ತಾರೆ, ಅದೇ ನನ್ನ ಭಯ.